ಒಂದನೇ ಪಂಪಿನ ತಪ್ಪೇನೂ ಇರಲಿಲ್ಲ

“ಒಂದನೇ ಪಂಪು ಮುಗಿಯಿತು ಸಾರ್. ಎಷ್ಟು ಹೊತ್ತು ಓಡಿಸಿದರೂ ಬಾವಿ ಇಳಿಯುವುದಿಲ್ಲ. ಹೊಸದು ಹಾಕಿಸಿಬಿಡಿ.”

ಗೇಟಿನ ಬೀಗ ತೆಗೆಯುತ್ತಲೇ ಆಪರೇಟರ್ ಹೇಳಿದ ಮಾತು ಇದು. ಹದಿನೇಳು ವರ್ಷದಿಂದ ಅದೇ ಕೊಳಚೆನೀರಿನ ಪಂಪಿಂಗ್ ಸ್ಟೇಷನ್ನಿನಲ್ಲಿ ಪಾಳಿ ಮಾಡುತ್ತಿರುವ ಹಿರಿಯರು. ಅವರ ಮಾತನ್ನು ಸುಮ್ಮನೆ ತಳ್ಳಿಹಾಕುವ ಹಾಗಿರಲಿಲ್ಲ. ನನಗೆ ಒಪ್ಪಿಸಿದ್ದ ಕೆಲಸವೂ ಅದೇ: ಹಳೆಯ ಪಂಪು ತೆಗೆದು ಇನ್ನೂ ದೊಡ್ಡದನ್ನು ಕೂರಿಸಲು ಅಂದಾಜು ಪಟ್ಟಿ ಕೊಡಬೇಕು. ಪಟ್ಟಿ ಬರೆಯುವ ಮೊದಲು ಅಳತೆಗೆ ನಾಲ್ಕು ದಿನ ಬೇಕೆಂದು ಕೇಳಿ ಪಡೆದೆ. ಆ ನಾಲ್ಕು ದಿನ ಮತ್ತು ಅನಂತರದ ಹತ್ತು ವಾರಗಳಲ್ಲಿ ನಡೆದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಏಣಿನ ಮೇಲೆ ಕುಳಿತ ಊರು. ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಎಂಬ ಮೂರು ದೊಡ್ಡ ಕಣಿವೆಗಳ ಕಡೆಗೆ ನೀರು ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಇಲ್ಲಿನ ಒಳಚರಂಡಿಯ ಬಹುಪಾಲು ಇಳಿಜಾರನ್ನೇ ನಂಬಿಕೊಂಡಿದೆ. ಆದರೆ ಕೆರೆಯಂಗಳಕ್ಕೆ ತಾಗಿ ಎದ್ದ ಬಡಾವಣೆಗಳು ಮುಖ್ಯ ಕೊಳವೆಗಿಂತ ತಗ್ಗಿನಲ್ಲಿವೆ. ಅಲ್ಲಿನ ಕೊಳಚೆಯನ್ನು ಎತ್ತಿಯೇ ಸಾಗಿಸಬೇಕು. ಎತ್ತುವುದು ಒಂದು ಗಂಟೆ ನಿಂತರೆ ಅದು ತಗ್ಗಿನ ಮನೆಗಳ ಬಚ್ಚಲಿಗೆ ವಾಪಸಾಗುತ್ತದೆ, ಇಲ್ಲವೇ ಮಳೆನೀರಿನ ರಾಜಕಾಲುವೆಗೆ ಹಾರಿ ಕೆರೆ ಸೇರುತ್ತದೆ. ನಾನು ಬರೆಯುತ್ತಿರುವ ಸ್ಟೇಷನ್ ಅಂಥದೊಂದು ಕೆರೆಯಂಚಿನದು.

ಸ್ಟೇಷನ್ ಹೀಗಿದೆ. 6 ಮೀಟರ್ ಒಳವ್ಯಾಸದ ದುಂಡನೆಯ ಕಾಂಕ್ರೀಟ್ ಬಾವಿ. ಅದರೊಳಗೆ 22 ಕಿಲೋವ್ಯಾಟಿನ ಎರಡು ಸಬ್‌ಮರ್ಸಿಬಲ್ ಪಂಪುಗಳು; ಒಂದು ಓಡುವಾಗ ಇನ್ನೊಂದು ಕಾದಿರುತ್ತದೆ. ಪಕ್ಕದಲ್ಲಿ ವಾಲ್ವ್ ಚೇಂಬರ್. ಅಲ್ಲಿ ಎರಡೂ ಪಂಪುಗಳ ಕೊಳವೆಗಳು ಒಂದಾಗಿ 300 ಮಿಲಿಮೀಟರಿನ ಎರಕದ ಕಬ್ಬಿಣದ ರೈಸಿಂಗ್ ಮೇನ್ ಆಗುತ್ತವೆ. ಅದು 1.2 ಕಿಲೋಮೀಟರ್ ಸಾಗಿ ದಿಬ್ಬದ ಮೇಲಿನ ಮ್ಯಾನ್‌ಹೋಲಿಗೆ ಸುರಿಯುತ್ತದೆ. ಬಾವಿಯ ನೀರಿನ ಮಟ್ಟದಿಂದ ಆ ಮ್ಯಾನ್‌ಹೋಲಿಗೆ 13 ಮೀಟರ್ ಏರು. ಪಂಪಿನ ಫಲಕದ ಪ್ರಕಾರ 18 ಮೀಟರ್ ಹೆಡ್ಡಿಗೆ (ಏರು ಮತ್ತು ಕೊಳವೆಯ ತಿಕ್ಕಾಟ ಸೇರಿದ ಎತ್ತರ) ಸೆಕೆಂಡಿಗೆ 60 ಲೀಟರ್.

ದೂರುಗಳು ನಾಲ್ಕು. ಒಂದನೇ ಪಂಪು ನೀರು ಎತ್ತುವುದಿಲ್ಲ. ಎರಡನೇ ಪಂಪು ಚೆನ್ನಾಗಿ ಎತ್ತುತ್ತದೆ, ಆದರೆ ಶುರುವಾಗುವಾಗ ಆಗಾಗ ಟ್ರಿಪ್ ಆಗುತ್ತದೆ. ವಿದ್ಯುತ್ ಪ್ಯಾನಲಿನಲ್ಲಿ ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್ಚುಗಳು, ಅಂದರೆ ಕಾಂಟ್ಯಾಕ್ಟರುಗಳು, ಪದೇ ಪದೇ ಸುಟ್ಟುಹೋಗುತ್ತವೆ. ಬೆಳಿಗ್ಗೆ ಏಳರಿಂದ ಒಂಬತ್ತೂವರೆಯವರೆಗೆ ಬಾವಿ ಅಂಚಿನವರೆಗೂ ಬರುತ್ತದೆ.

ಕೆಲಸ ಶುರುಮಾಡುವ ಮೊದಲು ಪ್ಯಾನಲಿನ ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದು ಒಂದೇ ಸಾಲು: ಬಾವಿಗೆ ಯಾರೂ ಇಳಿಯಬಾರದು. ಅಳತೆ, ಎತ್ತುವುದು, ಸ್ವಚ್ಛಗೊಳಿಸುವುದು ಎಲ್ಲವೂ ಮೇಲಿನಿಂದಲೇ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಇಂಥ ಗುಂಡಿಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಅಪರಾಧವೆಂದು ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ನಾನು ಇಳಿಸುತ್ತಿರಲಿಲ್ಲ. ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ; ಸಾಂದ್ರತೆ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು) ಹೊತ್ತಿಗೆ ಮೂಗಿನ ಶಕ್ತಿಯನ್ನೇ ಕೊಂದುಹಾಕುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದುಕೊಂಡು ಇಳಿದವರು ಮತ್ತೆ ಮೇಲೆ ಬಂದಿಲ್ಲ.

ಮೊದಲ ದಿನ: ಅಳತೆಪಟ್ಟಿ ಮತ್ತು ಗಡಿಯಾರ

ಹಳೆಯ ಸ್ಟೇಷನ್ನಿನಲ್ಲಿ ಫ್ಲೋ ಮೀಟರ್ ಇರುವುದಿಲ್ಲ, ಇದ್ದರೂ ಓಡುವುದಿಲ್ಲ. ಅದಿಲ್ಲದೆಯೂ ಪಂಪು ಎಷ್ಟು ನೀರು ಎತ್ತುತ್ತಿದೆ ಎಂದು ತಿಳಿಯಬಹುದು. ಬಾವಿಯೇ ನಮ್ಮ ಅಳತೆಯ ಪಾತ್ರೆ. 6 ಮೀಟರ್ ವ್ಯಾಸವೆಂದರೆ 28.3 ಚದರ ಮೀಟರ್ ಹರವು. ನೀರು 30 ಸೆಂಟಿಮೀಟರ್ ಏರಿದರೆ ಅಥವಾ ಇಳಿದರೆ ಅದು ಸುಮಾರು 8,500 ಲೀಟರ್.

ತುದಿಗೆ ತೇಲುಬುಡ್ಡೆ ಕಟ್ಟಿದ ಅಳತೆಪಟ್ಟಿಯನ್ನು ಇಳಿಬಿಟ್ಟೆ. ಮಧ್ಯಾಹ್ನ ಎರಡು ಗಂಟೆ, ಹರಿವು ಸಮನಾಗಿರುವ ಹೊತ್ತು. ಎರಡೂ ಪಂಪು ನಿಲ್ಲಿಸಿದೆವು. ನೀರು 30 ಸೆಂಟಿಮೀಟರ್ ಏರಲು 6 ನಿಮಿಷ. ಅಂದರೆ ಬಡಾವಣೆಯಿಂದ ಬರುತ್ತಿರುವುದು ಸೆಕೆಂಡಿಗೆ 23.6 ಲೀಟರ್. ಒಂದನೇ ಪಂಪು ಹಾಕಿದೆವು. ಅದೇ 30 ಸೆಂಟಿಮೀಟರ್ ಇಳಿಯಲು ಒಂಬತ್ತೂವರೆ ನಿಮಿಷ. ಬರುವ ನೀರನ್ನೂ ಸೇರಿಸಿದರೆ ಪಂಪು ಸಾಗಿಸುತ್ತಿರುವುದು ಸೆಕೆಂಡಿಗೆ 38.5 ಲೀಟರ್. ಮೂರು ಬಾರಿ ಮಾಡಿದೆ, ಮೂರು ಬಾರಿಯೂ ಹೆಚ್ಚುಕಡಿಮೆ ಅದೇ. ಎರಡನೇ ಪಂಪು ಒಂದನ್ನೇ ಹಾಕಿದಾಗ 55 ಲೀಟರ್.

“ನಾನು ಹೇಳಲಿಲ್ಲವೇ ಸಾರ್?” ಎಂದರು ಆಪರೇಟರ್.

ಅಂಕಿಗಳು ಅವರ ಪರವಾಗಿಯೇ ಇದ್ದವು. ಆದರೆ ನನ್ನನ್ನು ಎರಡು ವಿಷಯ ತಡೆದವು. ಮೊದಲನೆಯದು, ರೈಸಿಂಗ್ ಮೇನಿನ ಮೇಲಿನ ಪ್ರೆಷರ್ ಗೇಜ್. ಕೊಳವೆಯೊಳಗೆ ಕಟ್ಟಿಕೊಂಡಿದ್ದರೆ ಒತ್ತಡ ಏರಬೇಕು. ಇಲ್ಲಿ ಒಂದನೇ ಪಂಪು ಓಡುವಾಗ ಮುಳ್ಳು ಚದರ ಸೆಂಟಿಮೀಟರಿಗೆ 0.9 ಕೆಜಿಯಲ್ಲಿತ್ತು, ಬರಬೇಕಾದದ್ದು 1.2. ನೀರೂ ಕಡಿಮೆ, ಒತ್ತಡವೂ ಕಡಿಮೆ. ಅಂದರೆ ಕೊಳವೆಯ ತಪ್ಪಲ್ಲ. ಪಂಪು ಸವೆದಿರಬೇಕು, ಇಲ್ಲವೇ ನೀರು ದಾರಿಯಲ್ಲಿ ಎಲ್ಲೋ ಕಳ್ಳತನದಿಂದ ಹಿಂದಿರುಗುತ್ತಿರಬೇಕು. ಎರಡನೆಯದು ಕರೆಂಟ್. ಕ್ಲ್ಯಾಂಪ್ ಮೀಟರ್ ಮೂರೂ ಫೇಸುಗಳಲ್ಲಿ 29 ಆಂಪಿಯರ್ ತೋರಿಸಿತು. ಮೂರರಲ್ಲಿ ಎರಡು ಪಾಲು ನೀರೆತ್ತುವ ಪಂಪು ಎಳೆಯುವ ಕರೆಂಟ್ ಅಲ್ಲ ಅದು. ಮೈಮುರಿದು ದುಡಿಯುತ್ತಿರುವ ಪಂಪಿನ ಕರೆಂಟ್.

ಎರಡನೇ ದಿನ: ಕಿವಿಗೆ ಕೇಳಿದ್ದು

ವಾಲ್ವ್ ಚೇಂಬರಿನ ಮುಚ್ಚಳ ತೆಗೆದು, ಬ್ಲೋವರ್ ಹಾಕಿ, ಗ್ಯಾಸ್ ಮೀಟರನ್ನು ಹಗ್ಗದಲ್ಲಿ ಇಳಿಬಿಟ್ಟು ಇಪ್ಪತ್ತು ನಿಮಿಷ ಕಾದೆವು. ಅದೂ ಎರಡು ಮೀಟರ್ ಆಳದ ಗುಂಡಿಯೇ. ಮೊದಲು 4 ಪಿಪಿಎಂ ಇದ್ದ ಹೈಡ್ರೋಜನ್ ಸಲ್ಫೈಡ್ ಸೊನ್ನೆಗೆ ಬಂತು, ಆಮ್ಲಜನಕ ಶೇ 20.8ಕ್ಕೆ ನಿಂತಿತು. ಮೇಲೆ ಒಬ್ಬರನ್ನು ನಿಲ್ಲಿಸಿ, ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಇಳಿದೆ.

ಒಂದನೇ ಪಂಪು ಓಡುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಕೊಳವೆಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಇಟ್ಟೆ: ಭರ್ ಎಂದು ನೀರು ಓಡುವ ದನಿ. ಸರಿ. ಅದೇ ಸ್ಕ್ರೂಡ್ರೈವರನ್ನು ಎರಡನೇ ಪಂಪಿನ ಕೊಳವೆಗೆ ಇಟ್ಟೆ. ಅದು ನಿಂತಿರುವ ಪಂಪು. ಅದರ ಕೊಳವೆಯಲ್ಲಿ ಮೌನವಿರಬೇಕು. ಅಲ್ಲಿಯೂ ಅದೇ ಭರ್ ದನಿ. ಜೊತೆಗೆ ನಾಲ್ಕೈದು ಸೆಕೆಂಡಿಗೊಮ್ಮೆ ತಗಡು ಬಡಿದಂತೆ ಟಕ್ ಎಂಬ ಸದ್ದು.

ಆಪರೇಟರನ್ನು ಗುಂಡಿಗೆ ಇಳಿಸದೆ, ಮೇಲಿನಿಂದಲೇ ಕೇಳಲಿ ಎಂದು ಸ್ಕ್ರೂಡ್ರೈವರನ್ನು ಇನ್ನಷ್ಟು ಉದ್ದದ ಸರಳಿಗೆ ಬದಲಿಸಿ ಅವರ ಕಿವಿಗೆ ಕೊಟ್ಟೆ. “ಅಣ್ಣ, ಎರಡನೇದು ನಿಂತಿದೆ ತಾನೇ?” “ನಿಂತಿದೆ ಸಾರ್.” “ಹಾಗಾದರೆ ಈ ಸದ್ದು ಯಾವುದು?” ಅವರು ಬಹಳ ಹೊತ್ತು ಕೇಳಿಸಿಕೊಂಡರು, ಏನೂ ಹೇಳಲಿಲ್ಲ.

ಪ್ರತಿ ಪಂಪಿನ ಕೊಳವೆಯಲ್ಲೂ ಒಂದು ರಿಫ್ಲಕ್ಸ್ ವಾಲ್ವ್ ಇರುತ್ತದೆ. ನೀರು ಮುಂದಕ್ಕೆ ಹೋಗುವಾಗ ಅದರ ಬಾಗಿಲು ತೆರೆಯುತ್ತದೆ, ನಿಂತಾಗ ಮುಚ್ಚಿಕೊಳ್ಳುತ್ತದೆ. ಎರಡನೇ ಪಂಪಿನ ಬಾಗಿಲು ಮುಚ್ಚದೆ ಸಿಕ್ಕಿಹಾಕಿಕೊಂಡಿದ್ದರೆ, ಒಂದನೇ ಪಂಪು ಎತ್ತಿದ ನೀರಿನ ಒಂದು ಪಾಲು ಎರಡನೇ ಪಂಪಿನ ಮೂಲಕ ತಿರುಗಿ ಬಾವಿಗೇ ಬೀಳುತ್ತದೆ. ಎರಡನೇದು ಓಡುವಾಗ ಮಾತ್ರ ಈ ಸೋರಿಕೆ ಇರುವುದಿಲ್ಲ, ಏಕೆಂದರೆ ಒಂದನೇ ಪಂಪಿನ ವಾಲ್ವ್ ಸರಿಯಾಗಿದೆ. ಕೆಟ್ಟಿರುವುದು ಎರಡನೆಯದರ ಬಾಗಿಲು, ಕೆಟ್ಟ ಹೆಸರು ಒಂದನೆಯದಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಟ್ರಿಪ್ ಆಗುವುದಕ್ಕೂ ಇದೇ ಕಾರಣವಿರಬಹುದು ಎನಿಸಿತು: ವಾಪಸು ನೀರು ಎರಡನೇ ಪಂಪಿನ ಇಂಪೆಲ್ಲರನ್ನು (ನೀರು ತಳ್ಳುವ ಚಕ್ರ) ಹಿಮ್ಮುಖವಾಗಿ ತಿರುಗಿಸುತ್ತಿರುತ್ತದೆ; ಹಾಗೆ ತಿರುಗುತ್ತಿರುವಾಗಲೇ ಸ್ಟಾರ್ಟ್ ಒತ್ತಿದರೆ ಮೋಟಾರು ಮೊದಲು ಅದನ್ನು ನಿಲ್ಲಿಸಿ ಆಮೇಲೆ ತಿರುಗಿಸಬೇಕು. ಕರೆಂಟ್ ಮಿತಿಮೀರಿದರೆ ಕಡಿಯುವ ಓವರ್‌ಲೋಡ್ ರಿಲೇ ತಡೆಯದೆ ಇನ್ನೇನು ಮಾಡುತ್ತದೆ?

ಇದನ್ನು ಸಾಬೀತುಪಡಿಸಲು ದಾರಿ ಸುಲಭ. ಎರಡನೇ ಪಂಪಿನ ಸ್ಲೂಸ್ ವಾಲ್ವ್, ಅಂದರೆ ಕೈಯಿಂದ ತಿರುಗಿಸಿ ಕೊಳವೆ ಮುಚ್ಚುವ ವಾಲ್ವ್, ಮುಚ್ಚಿ ಮತ್ತೆ ಅಳೆಯುವುದು. ಆದರೆ ಆ ವಾಲ್ವ್ ಎಷ್ಟು ವರ್ಷದಿಂದ ಅಲುಗಿರಲಿಲ್ಲವೋ, ಅದನ್ನು ತಿರುಗಿಸುವ ದಂಡ, ಅಂದರೆ ಸ್ಪಿಂಡಲ್, ತುಕ್ಕಿನಲ್ಲಿ ಹೂತುಹೋಗಿತ್ತು.

ಮೂರು ಮತ್ತು ನಾಲ್ಕನೇ ದಿನ: ಸ್ಪಿಂಡಲ್

ಇಲ್ಲಿ ಅವಸರ ಪಟ್ಟವರು ಕೆಟ್ಟರು. ಉದ್ದದ ಪೈಪು ಸಿಕ್ಕಿಸಿ ಇಬ್ಬರು ಎಳೆದರೆ ಸ್ಪಿಂಡಲ್ ಮುರಿಯುತ್ತದೆ, ಆಮೇಲೆ ಇಡೀ ಸ್ಟೇಷನ್ ನಿಲ್ಲಿಸದೆ ಅದನ್ನು ತೆಗೆಯಲಾಗುವುದಿಲ್ಲ. ತಂತಿ ಬ್ರಷ್ಷಿನಿಂದ ತುಕ್ಕು ಕೆರೆದು, ಸ್ಪಿಂಡಲಿನ ಸುತ್ತ ನೀರು ಸೋರದಂತೆ ಬಿಗಿದಿಡುವ ಗ್ಲ್ಯಾಂಡಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಸೀಮೆಎಣ್ಣೆ ಮತ್ತು ಮೆಷಿನ್ ಎಣ್ಣೆ ಬೆರೆಸಿ ಹನಿ ಹನಿಯಾಗಿ ಬಿಟ್ಟೆವು. ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಿಗ್ಗೆ ಕೀಲಿ ಹಾಕಿ ಮುಚ್ಚುವ ಕಡೆಗೆ ಒಂದು ಎಳೆತ, ತೆರೆಯುವ ಕಡೆಗೆ ಒಂದು ಎಳೆತ. ಬಲವಲ್ಲ, ಬರೀ ಕೇಳಿಕೊಳ್ಳುವುದು. ಹನ್ನೊಂದು ಗಂಟೆಗೆ ಕೂದಲೆಳೆಯಷ್ಟು ಅಲುಗಿತು. ಕಾಲು ಸುತ್ತು ಮುಂದೆ, ಅಷ್ಟೇ ಹಿಂದೆ, ಮತ್ತೆ ಎಣ್ಣೆ. ನಾಲ್ಕನೇ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಪೂರ್ತಿ ಮುಚ್ಚಿತು.

ಎರಡು ಗಂಟೆಗೆ ಅದೇ ಅಳತೆ. ಒಳಹರಿವು ಅಷ್ಟೇ. ಒಂದನೇ ಪಂಪು ಹಾಕಿದೆವು. 30 ಸೆಂಟಿಮೀಟರ್ ಇಳಿಯಲು ಹಿಡಿದದ್ದು 4 ನಿಮಿಷ 40 ಸೆಕೆಂಡ್. ಸೆಕೆಂಡಿಗೆ 54 ಲೀಟರ್. ಗೇಜಿನ ಮುಳ್ಳು 1.1.

ಒಂದು ರೂಪಾಯಿಯ ಬಿಡಿಭಾಗವನ್ನೂ ಕೊಳ್ಳದೆ ‘ಮುಗಿದ’ ಪಂಪು ಎದ್ದು ಕುಳಿತಿತ್ತು. ಆಪರೇಟರ್ ಗಡಿಯಾರವನ್ನು ನನ್ನ ಕೈಯಿಂದ ತೆಗೆದುಕೊಂಡು, “ಇನ್ನೊಮ್ಮೆ ನೋಡೋಣ ಸಾರ್” ಎಂದು ತಾವೇ ಅಳೆದರು.

ವಾಲ್ವಿನ ಹೊಟ್ಟೆಯಲ್ಲಿ

ರಿಫ್ಲಕ್ಸ್ ವಾಲ್ವಿನ ಮುಚ್ಚಳ ಬಿಚ್ಚಿದಾಗ ಕಂಡದ್ದು ಕಪ್ಪು ಜಡೆ. ಕೂದಲು, ಸೀರೆಯ ಫಾಲಿನ ಪಟ್ಟಿ, ಒದ್ದೆ ಟಿಶ್ಯೂ ಬಟ್ಟೆ, ನೈಲಾನ್ ದಾರ ಎಲ್ಲವೂ ಸೇರಿ ಬಾಗಿಲಿನ ಕೀಲಿಗೆ ತೋಳಿನಷ್ಟು ದಪ್ಪಕ್ಕೆ ಸುತ್ತಿಕೊಂಡಿದ್ದವು. ಅದನ್ನು ಹ್ಯಾಕ್ಸಾ ಬ್ಲೇಡಿನಿಂದಲೇ ಕತ್ತರಿಸಬೇಕಾಯಿತು. ಕೀಲಿನ ಪಿನ್ನು ಸವೆದು ಮೊಟ್ಟೆಯಾಕಾರವಾಗಿತ್ತು, ರಬ್ಬರ್ ಸೀಟಿನ ಅರ್ಧ ಇರಲೇ ಇಲ್ಲ. ನನಗೆ ಕೇಳಿಸಿದ ಟಕ್ ಎಂಬ ಸದ್ದು ಈ ಬಾಗಿಲು ಅರ್ಧಕ್ಕೆ ಬಂದು ಜಡೆಗೆ ಬಡಿಯುತ್ತಿದ್ದದ್ದು.

ಒದ್ದೆ ಟಿಶ್ಯೂಗಳ ಪೊಟ್ಟಣದ ಮೇಲೆ ಶೌಚಾಲಯಕ್ಕೆ ಹಾಕಬಹುದು ಎಂದು ಬರೆದಿದ್ದರೂ ದಯವಿಟ್ಟು ಹಾಕಬೇಡಿ. ಅವು ಕಾಗದದಂತೆ ಕರಗುವುದಿಲ್ಲ, ಹಗ್ಗವಾಗಿ ಹೊಸೆದುಕೊಳ್ಳುತ್ತವೆ.

ಅದೇ ಬಗೆಯ ಬಾಗಿಲಿನ ವಾಲ್ವನ್ನು ಮತ್ತೆ ಹಾಕಲು ನನಗೆ ಮನಸ್ಸಾಗಲಿಲ್ಲ. ಕೊಳಚೆಗೆ ಗುಂಡಿನ ರಿಫ್ಲಕ್ಸ್ ವಾಲ್ವ್ ಒಳ್ಳೆಯದು. ಅದರಲ್ಲಿ ಬಾಗಿಲೂ ಇಲ್ಲ, ಬಟ್ಟೆ ಸುತ್ತಿಕೊಳ್ಳಲು ಕೀಲೂ ಇಲ್ಲ. ರಬ್ಬರ್ ಹೊದಿಸಿದ ಗುಂಡು ನೀರು ಬಂದಾಗ ಪಕ್ಕದ ಗೂಡಿಗೆ ಉರುಳುತ್ತದೆ, ನಿಂತಾಗ ಉರುಳಿ ಬಂದು ಬಾಯಿ ಮುಚ್ಚುತ್ತದೆ. ಎರಡೂ ಕೊಳವೆಗಳಿಗೆ 200 ಮಿಲಿಮೀಟರಿನದೇ ತರಿಸಿದೆವು. ಹಳೆಯ ಫ್ಲ್ಯಾಂಜಿನ ಬೋಲ್ಟ್ ರಂಧ್ರಗಳ ವೃತ್ತಕ್ಕೂ ಹೊಸದಕ್ಕೂ ಮೂರು ಮಿಲಿಮೀಟರ್ ವ್ಯತ್ಯಾಸ ಬಂತು, ಉದ್ದವೂ ಹೊಂದಲಿಲ್ಲ. ಅಳತೆ ಕೊಟ್ಟು ಪೀಣ್ಯದ ಲೇತ್ ವರ್ಕ್‌ಶಾಪಿನಲ್ಲಿ ಎರಡು ತುಂಡು ಕೊಳವೆಗಳನ್ನು ಮಾಡಿಸಿದೆ. ಇನ್ನು ಮುಂದೆ ಸುಲಭವಾಗಿ ಬಿಚ್ಚಲು ಆಗುವಂತೆ ಡಿಸ್‌ಮ್ಯಾಂಟ್ಲಿಂಗ್ ಜಾಯಿಂಟ್‌ಗಳನ್ನೂ ಸೇರಿಸಿದೆವು. ಇದರಲ್ಲಿ ಎರಡು ವಾರ ಹೋಯಿತು.

ಫ್ಲೋಟಿನ ಗಂಟು

ಪಂಪು ಸರಿಯಾದ ಮೇಲೆ ಹೊಸ ಅಪಾಯವೊಂದು ಕಾದಿತ್ತು. ನೀರಿನ ಮಟ್ಟದ ಜೊತೆ ತೇಲಿ ಪಂಪನ್ನು ಶುರುಮಾಡುವ ಫ್ಲೋಟ್ ಸ್ವಿಚ್ಚಿಗೂ ನಿಲ್ಲಿಸುವ ಫ್ಲೋಟಿಗೂ ನಡುವಿನ ಅಂತರ ಬರೀ 15 ಸೆಂಟಿಮೀಟರ್ ಇತ್ತು. ಯಾರು ಹೀಗೆ ಕಟ್ಟಿದರು ಎಂದಾಗ ಆಪರೇಟರ್, “ನಾನೇ ಸಾರ್. ಬೇಗ ಶುರುವಾದರೆ ಬಾವಿ ತುಂಬುವುದಿಲ್ಲವಲ್ಲ” ಎಂದರು. ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಪಂಪು ಸೋತಿದ್ದಾಗ ತಗ್ಗಿನ ಮನೆಗಳನ್ನು ಉಳಿಸಲು ಅವರ ಕೈಯಲ್ಲಿದ್ದ ಉಪಾಯ ಅದೊಂದೇ.

ಆದರೆ ಇದರಿಂದ ಪಂಪು ಗಂಟೆಗೆ ಏಳೆಂಟು ಬಾರಿ ಶುರುವಾಗುತ್ತಿತ್ತು. ಈಗ ಅದು ಬೇಗ ಬೇಗ ನೀರು ಇಳಿಸುವುದರಿಂದ ಹನ್ನೊಂದು ಬಾರಿಗೆ ಏರಿತು! ಕಾಂಟ್ಯಾಕ್ಟರ್ ಸುಡುತ್ತಿದ್ದದ್ದು ಇದಕ್ಕೇ. ಇಂಥ ಮೋಟಾರಿಗೆ ಗಂಟೆಗೆ ಆರು ಬಾರಿಯನ್ನು ಮಿತಿಯೆಂದು ಇಟ್ಟುಕೊಂಡು ಲೆಕ್ಕ ಹಾಕಿದೆ. ಒಳಹರಿವು ಪಂಪಿನ ಶಕ್ತಿಯ ಅರ್ಧದಷ್ಟಿದ್ದಾಗ ಸ್ಟಾರ್ಟುಗಳು ಅತಿ ಹೆಚ್ಚು. ಆಗ ಬೇಕಾಗುವ ಗಾತ್ರ, ಪಂಪಿನ ಹರಿವನ್ನು ಎರಡು ಸ್ಟಾರ್ಟುಗಳ ನಡುವಿನ ಸಮಯದಿಂದ ಗುಣಿಸಿ ನಾಲ್ಕರಿಂದ ಭಾಗಿಸಿದಷ್ಟು: 60 ಲೀಟರ್, 600 ಸೆಕೆಂಡ್, ಅಂದರೆ 9,000 ಲೀಟರ್. ಈ ಬಾವಿಯಲ್ಲಿ ಅದು 32 ಸೆಂಟಿಮೀಟರ್. ಹಾಗೆಂದು ಒಂದು ಮೀಟರಿಗೆ ಹೆಚ್ಚಿಸಲೂ ಆಗದು. ರಾತ್ರಿ ಹರಿವು ಸೆಕೆಂಡಿಗೆ 6 ಲೀಟರಿಗೆ ಇಳಿದಾಗ ಕೊಳಚೆ ಗಂಟೆಗಟ್ಟಲೆ ನಿಂತು ಹುಳಿಯುತ್ತದೆ, ವಿಷಾನಿಲ ಹೆಚ್ಚುತ್ತದೆ. ಅಂತರವನ್ನು 40 ಸೆಂಟಿಮೀಟರಿಗೆ ನಿಲ್ಲಿಸಿದೆ. ಹಗಲು ಗಂಟೆಗೆ ಐದು ಸ್ಟಾರ್ಟುಗಳೊಳಗೆ. ರಾತ್ರಿ ನೀರು ಕಾಯುವುದು ಸುಮಾರು ಅರ್ಧ ಗಂಟೆ.

ಪಂಪುಗಳನ್ನು ಎತ್ತಿದ್ದು

ಪಂಪುಗಳನ್ನು ಎತ್ತುವ ಸರಪಳಿ ನೋಡಿ ಎದೆ ಝಲ್ಲೆಂದಿತು. ಬೆರಳಿನಷ್ಟು ದಪ್ಪವಿರಬೇಕಾದ ಕೊಂಡಿಗಳು ಕಡ್ಡಿಯಾಗಿದ್ದವು. ಅದನ್ನು ನಂಬದೆ ಉಕ್ಕಿನ ಹಗ್ಗ ಕಟ್ಟಿ ಕ್ರೇನಿನಿಂದ ಎತ್ತಿದೆವು. ಹೊಸ ಸರಪಳಿ ಮತ್ತು ಗೈಡ್ ರೈಲ್‌ಗಳನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲೇ ಹಾಕಿಸಿದೆ. ಮನುಷ್ಯ ಇಳಿಯಬಾರದೆಂದರೆ ಪಂಪು ತಾನಾಗಿ ಮೇಲೆ ಬರುವಂತಿರಬೇಕು. ಆ ಒಂದು ಸರಪಳಿಗೆ ಎಷ್ಟು ಖರ್ಚಾದರೂ ನಾನು ಚೌಕಾಸಿ ಮಾಡುವುದಿಲ್ಲ.

ಒಂದನೇ ಪಂಪಿನ ವೇರ್ ರಿಂಗ್ (ಇಂಪೆಲ್ಲರಿನ ಸುತ್ತ ಸವೆಯಲೆಂದೇ ಹಾಕುವ ಬಳೆ) ಸಂದು 1.1 ಮಿಲಿಮೀಟರಿಗೆ ಹಿಗ್ಗಿತ್ತು. ಹೊಸದು ಹಾಕಿ 0.4ಕ್ಕೆ ತಂದೆವು. ಎರಡನೇ ಪಂಪು, ಅಂದರೆ ಎಲ್ಲರೂ ಹೊಗಳುತ್ತಿದ್ದ ಪಂಪು, ನಿಜವಾಗಿ ಅಪಾಯದಲ್ಲಿತ್ತು. ಆಯಿಲ್ ಚೇಂಬರಿನ ತಿರುಪು ಬಿಚ್ಚಿದಾಗ ಹಾಲು ಬೆರೆತ ಕಾಫಿಯಂಥ ಎಣ್ಣೆ ಸುರಿಯಿತು. ಸೀಲ್ ಒಡೆದು ನೀರು ಒಳಬಂದಿತ್ತು. ವೈಂಡಿಂಗಿನ ವಿದ್ಯುತ್ ನಿರೋಧನ ಅಳೆಯುವ ಮೆಗ್ಗರಿನಲ್ಲಿ ಒಂದನೆಯದು 200 ಮೆಗಾ ಓಮ್ ತೋರಿಸಿದರೆ ಇದು 2. ಇನ್ನೊಂದು ಮಳೆಗಾಲ ಕಳೆಯುತ್ತಿರಲಿಲ್ಲ. ಸೀಲುಗಳನ್ನು ಬದಲಿಸಿ, ವೈಂಡಿಂಗ್ ಒಣಗಿಸಿ, ಮತ್ತೆ ಅಳೆದು ಇಳಿಸಿದೆವು.

ಕಾಂಕ್ರೀಟ್

ಮುಚ್ಚಳದ ಅಂಚಿನಲ್ಲಿ ಕೈಗೆಟುಕುವ ಕಡೆ ಸ್ಲ್ಯಾಬಿನ ಅಡಿಭಾಗವನ್ನು ಸ್ಕ್ರೂಡ್ರೈವರಿನಿಂದ ಗೀರಿದೆ. ನೆನೆದ ಸುಣ್ಣದಂತೆ ಬೆಳ್ಳನೆಯ ಪದರ ಕಳಚಿ ಬಂತು, 12 ಮಿಲಿಮೀಟರ್ ಆಳಕ್ಕೆ. ಕೋಲಿಗೆ ಕಟ್ಟಿ ಒತ್ತಿದ ಪಿಎಚ್ ಕಾಗದ 2 ತೋರಿಸಿತು, ಅಂದರೆ ಕಡು ಆಮ್ಲ. ನೀರಿನೊಳಗಿನ ಗೋಡೆ ಗಟ್ಟಿಯಾಗಿದೆ, ನೀರಿನ ಮೇಲಿನದು ಕೊಳೆತಿದೆ. ಅದು ಹೀಗೆಯೇ ಆಗುತ್ತದೆ: ನೀರಿನಡಿಯ ಲೋಳೆಯಲ್ಲಿರುವ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ, ಅದು ಮೇಲೆದ್ದು ಒದ್ದೆ ಗೋಡೆಗೆ ಅಂಟಿದಾಗ ಬೇರೆ ಬ್ಯಾಕ್ಟೀರಿಯಾ ಅದನ್ನು ಗಂಧಕಾಮ್ಲ ಮಾಡುತ್ತವೆ, ಆಮ್ಲ ಸಿಮೆಂಟನ್ನು ಜಿಪ್ಸಮ್ ಆಗಿಸುತ್ತದೆ. ಒಳಬರುವ ಕೊಳವೆಯಿಂದ ಕೊಳಚೆ ಎತ್ತರದಿಂದ ಧುಮುಕುತ್ತಿದ್ದದ್ದೂ ಅನಿಲ ಹೆಚ್ಚಲು ಕಾರಣ. ಅದಕ್ಕೆ ನೀರಿನ ಮಟ್ಟದವರೆಗೆ ಇಳಿಯುವ ಬಾಗುಕೊಳವೆಯನ್ನು ಮೇಲಿನಿಂದಲೇ ಇಳಿಸಿ ಕೂರಿಸಿದೆವು. ಗೋಡೆಯ ರಿಪೇರಿ ಬಾಕಿ ಇದೆ. ಬೈಪಾಸ್ ಪಂಪು ಹಾಕಿ, ಬಾವಿಯನ್ನು ಬರಿದುಮಾಡಿ, ಒಳಹರಿವು ಮುಚ್ಚಿ, ಗಾಳಿ ಅಳೆದ ಮೇಲೆ ಮಾತ್ರ ಅದು ಆಗಬೇಕು.

ಪ್ಯಾನಲ್

ಹಳೆಯ ಸ್ಟಾರ್-ಡೆಲ್ಟಾ ಸ್ಟಾರ್ಟರ್ ತೆಗೆದು ಮೋಟಾರನ್ನು ಮೆಲ್ಲಗೆ ಶುರುಮಾಡುವ ಸಾಫ್ಟ್ ಸ್ಟಾರ್ಟರ್ ಹಾಕಿದೆವು, ಗರಿಷ್ಠಕ್ಕೆ ತಿರುಗಿಸಿಟ್ಟಿದ್ದ ಓವರ್‌ಲೋಡ್ ರಿಲೇಯನ್ನು ಫಲಕದ ಕರೆಂಟಿಗೆ ತಂದೆವು, ಪಂಪುಗಳು ಸರದಿಯಲ್ಲಿ ಓಡುವಂತೆ ಮಾಡಿದೆವು. ನೀರಿನ ಮಟ್ಟಕ್ಕೆ ಅಲ್ಟ್ರಾಸಾನಿಕ್ ಸೆನ್ಸರ್ ಬೇಡವೆಂದೆ. ಬೆಂಗಳೂರಿನ ಕೊಳಚೆಯ ನೊರೆಯನ್ನು ಬೆಳ್ಳಂದೂರು ಕೆರೆಯಲ್ಲಿ ಕಂಡವರಿಗೆ ಕಾರಣ ಹೇಳಬೇಕಿಲ್ಲ, ನೊರೆ ಅದರ ಶಬ್ದವನ್ನು ನುಂಗಿಬಿಡುತ್ತದೆ. ನೀರಿನ ತೂಕದಿಂದ ಮಟ್ಟ ತಿಳಿಯುವ ಪ್ರೆಷರ್ ಸೆನ್ಸರ್ ಹಾಕಿ, ಫ್ಲೋಟುಗಳನ್ನು ಕೊನೆಯ ಕಾವಲಿಗೆ ಉಳಿಸಿಕೊಂಡೆವು.

ವಿದ್ಯುತ್ ಉಳಿಸಲು ವೇಗ ಬದಲಿಸುವ ಡ್ರೈವ್ ಹಾಕಿ ಎಂಬ ಒತ್ತಾಯ ಬಹಳ ಇತ್ತು. ನಾನು ಒಪ್ಪಲಿಲ್ಲ. ಇಲ್ಲಿನ 18 ಮೀಟರ್ ಹೆಡ್ಡಿನಲ್ಲಿ 13 ಬರೀ ಏರು, ವೇಗ ತಗ್ಗಿಸಿದರೂ ಅದು ತಗ್ಗುವುದಿಲ್ಲ. ಈ ಪಂಪಿನ ವೇಗವನ್ನು ಶೇ 80ಕ್ಕೆ ಇಳಿಸಿದರೆ ನೀರು ಅರ್ಧಕ್ಕೆ ಬರುತ್ತದೆ. ಶೇ 70ಕ್ಕೆ ಇಳಿಸಿದರೆ ದಿಬ್ಬವನ್ನೇ ಮುಟ್ಟುವುದಿಲ್ಲ, ಬಾವಿಯಲ್ಲೇ ನೀರು ಕಡೆಯುತ್ತಿರುತ್ತದೆ. ಕೊಳವೆಯಲ್ಲಿ ಹರಿವು ಸೆಕೆಂಡಿಗೆ 0.6 ಮೀಟರಿಗಿಂತ ನಿಧಾನವಾದರೆ ಮರಳು ತಳ ಹಿಡಿಯುತ್ತದೆ. ಸೋರುವ ವಾಲ್ವಿನ ಕಾಲದಲ್ಲಿ ವೇಗ 0.54 ಇತ್ತು, ಈಗ 0.83.

ಕೊನೆಯ ಅಳತೆ

ಮಾರ್ಚ್ ಕೊನೆಯ ವಾರ, ಮಧ್ಯಾಹ್ನ ಎರಡು ಗಂಟೆ. ಒಂದನೇ ಪಂಪು ಸೆಕೆಂಡಿಗೆ 59 ಲೀಟರ್, ಗೇಜ್ 1.2. ಸಾವಿರ ಲೀಟರ್ ಎತ್ತಲು ಮೊದಲು 0.126 ಯೂನಿಟ್ ಬೇಕಿತ್ತು, ಈಗ 0.088. ಎರಡೂ ಪಂಪು ಒಟ್ಟಿಗೆ ಓಡಿಸಿದಾಗ 84 ಲೀಟರ್. ಎರಡು ಪಂಪು ಎಂದರೆ ಎರಡರಷ್ಟು ನೀರಲ್ಲ, ಒಂದೇ ಕೊಳವೆಯಲ್ಲಿ ತಿಕ್ಕಾಟ ಹೆಚ್ಚುತ್ತದೆ. ದೊಡ್ಡ ಪಂಪಿನ ಅಂದಾಜು ಪಟ್ಟಿಯನ್ನು ನಾನು ಬರೆಯಲಿಲ್ಲ.

ಮಳೆಗಾಲದ ಪರೀಕ್ಷೆ ಮುಂದಿದೆ. ತಾರಸಿಯ ನೀರನ್ನು ಚರಂಡಿಗೆ ಬಿಡುವ ಬದಲು ಒಳಚರಂಡಿಯ ಮ್ಯಾನ್‌ಹೋಲಿಗೆ ಜೋಡಿಸಿದ ಮನೆಗಳು ಈ ಬಡಾವಣೆಯಲ್ಲೂ ಇವೆ. ಜೋರು ಮಳೆಗೆ 84 ಲೀಟರ್ ಸಾಲುವುದೋ ಇಲ್ಲವೋ ಆಗಲೇ ತಿಳಿಯಬೇಕು.

ಹೊರಡುವ ದಿನ ಆಪರೇಟರ್ ಹೊಸ ರಿಜಿಸ್ಟರ್ ತೋರಿಸಿದರು. ಪ್ರತಿ ಸೋಮವಾರ ಎರಡು ಗಂಟೆ, ಏರಿದ ನಿಮಿಷ, ಇಳಿದ ನಿಮಿಷ, ಗೇಜು, ಕರೆಂಟು. ಕೊನೆಯಲ್ಲಿ ಅವರೇ ಸೇರಿಸಿದ ಒಂದು ಕಲಮು: ನಿಂತ ಪಂಪಿನ ಕೊಳವೆಯ ಸದ್ದು. ಅದರ ಕೆಳಗೆ ಮೂರು ಸೋಮವಾರಗಳಿಗೂ ‘ಇಲ್ಲ’ ಎಂದು ಬರೆದಿತ್ತು.